ಬೆಳದಿಂಗಳೂ ಜಿಂಕೆಗಳ ಹಾವಳಿಯೂ

ಚಂದ್ರನಿಗೆ ಮೃಗಾಂಕನೆಂದೂ ಹರಿಣಾಂಕನೆಂದೂ ಹೆಸರುಗಳುಂಟು. ಬಿಂಬದಲ್ಲಿ ತೋರುವ ಕಲೆಯನ್ನು ಜಿಂಕೆಯ ಆಕಾರವೆಂದು ಭಾವಿಸಿ ಕವಿಗಳು ಚಂದ್ರನಿಗೂ ಜಿಂಕೆಗೂ ಕಟ್ಟಿದ ನಂಟು ಇದು. ಕಾಡಂಚಿನ ಗ್ರಾಮಗಳಲ್ಲಿ ಈ ನಂಟು ಬರಿಯ ಕಾವ್ಯದ ಮಾತಾಗಿ ಉಳಿದಿಲ್ಲ. ಅಮಾವಾಸ್ಯೆಯ ಆಚೀಚಿನ ಕತ್ತಲೆಯ ರಾತ್ರಿಗಳಲ್ಲಿ ಜಿಂಕೆ ಕಡವೆಗಳು ಧೈರ್ಯವಾಗಿ ಹೊಲಕ್ಕೆ ಇಳಿಯುವುವೆಂದು ಕೆಲವರು ಹೇಳುವರು. ಹುಣ್ಣಿಮೆಯ ಬೆಳಕಿನಲ್ಲಿ ಮೇವೂ ದಾರಿಯೂ ಚೆನ್ನಾಗಿ ಕಾಣುವುದರಿಂದ ಆಗಲೇ ಹೆಚ್ಚಾಗಿ ಬರುವುವೆಂದು ಮತ್ತೆ ಕೆಲವರು ಅಷ್ಟೇ ನಿಶ್ಚಯದಿಂದ ಹೇಳುವರು. ಎರಡು ಕಡೆಯವರೂ ತಮ್ಮ ಮಾತಿಗೆ ಹಿರಿಯರ ಅನುಭವವನ್ನೇ ಸಾಕ್ಷಿಯಾಗಿ ಕೊಡುವರು.

ಇದು ಜಗಲಿಯ ಮೇಲೆ ಹೊತ್ತು ಕಳೆಯಲು ಆಡುವ ಮಾತು ಮಾತ್ರವಾಗಿದ್ದರೆ ವ್ಯವಸಾಯದ ಪತ್ರಿಕೆಯಲ್ಲಿ ಅದಕ್ಕೆ ಸ್ಥಳ ಬೇಕಾಗಿರಲಿಲ್ಲ. ಆದರೆ ರಾಗಿ, ಜೋಳ, ಹುರುಳಿ, ಅವರೆಯ ಪೈರುಗಳ ಕಾವಲಿಗೆ ಯಾವ ರಾತ್ರಿ ಆಳನ್ನು ಇಡಬೇಕು, ಯಾವ ರಾತ್ರಿ ಬಿಡಬಹುದು ಎಂಬುದನ್ನು ಈ ನಂಬಿಕೆಯ ಮೇಲೆಯೇ ಗೊತ್ತುಮಾಡುವ ಹಿಡುವಳಿದಾರರು ಇದ್ದಾರೆ. ನಂಬಿಕೆ ತಪ್ಪಾದರೆ ಕಾವಲಿಗೆ ಕೊಟ್ಟ ಕೂಲಿಯೂ ಹೋಗುವುದು, ಕಾವಲಿಲ್ಲದ ರಾತ್ರಿ ಪೈರೂ ಹೋಗುವುದು. ಆದುದರಿಂದ ಚಂದ್ರನ ವೃದ್ಧಿಕ್ಷಯಗಳಿಗೂ ಜಿಂಕೆಯ ಸಂಚಾರಕ್ಕೂ ನಿಜವಾಗಿ ಏನು ಸಂಬಂಧವೆಂಬುದನ್ನು ಗ್ರಾಮದ ಯಜಮಾನರು ಸಾವಧಾನವಾಗಿ ವಿಚಾರಿಸತಕ್ಕದ್ದು.

ಈ ನಂಬಿಕೆಯ ಮೂಲವು ಬೇಸಾಯದಲ್ಲಿಲ್ಲ, ಬೇಟೆಯಲ್ಲಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿಯೇ ಜಿಂಕೆಯ ಬೇಟೆಯ ಅನೇಕ ವಿಧಾನಗಳು ವಿವರಿಸಲ್ಪಟ್ಟಿವೆ. ಅಷ್ಟು ಹಳೆಯದಾದ ವಿದ್ಯೆಯ ಸುತ್ತ ಗಾದೆಗಳೂ ನಂಬಿಕೆಗಳೂ ಬೆಳೆಯುವುದು ಸಹಜವೇ ಸರಿ. ರಾತ್ರಿಯ ಬೇಟೆಗಾರರಲ್ಲಿ ಎರಡು ಬಗೆಯವರಿದ್ದರು. ಮರದ ಮೇಲೆ ಅಟ್ಟಣೆ ಕಟ್ಟಿ ನೀರಿನ ಮಡುವಿನ ಬಳಿ ಕಾದು ಕೂರುವವನಿಗೆ ಬೆಳದಿಂಗಳು ಬೇಕು. ಅದಿಲ್ಲದೆ ಪ್ರಾಣಿ ಬಂದರೂ ಅವನಿಗೆ ಕಾಣದು, ಗುರಿ ಸಿಕ್ಕದು. ದೀಪ ಹಿಡಿದು ಹೋಗುವವನಿಗಾದರೋ ಕತ್ತಲೆ ಬೇಕು; ಗಾಢಾಂಧಕಾರದಲ್ಲಿ ದೀಪದ ಬೆಳಕು ಕಣ್ಣಿಗೆ ಬಿದ್ದ ಜಿಂಕೆಯು ಬೆರಗಾಗಿ ನಿಂತುಬಿಡುವುದು, ಅದರ ಕಣ್ಣುಗಳು ದೂರದಿಂದಲೇ ಹೊಳೆಯುವುವು. ಮೊದಲನೆಯವನು ಹುಣ್ಣಿಮೆಯಲ್ಲಿ ಜಿಂಕೆಗಳು ಹೆಚ್ಚೆಂದು ಹೇಳಿದನು, ಎರಡನೆಯವನು ಅಮಾವಾಸ್ಯೆಯಲ್ಲಿ ಹೆಚ್ಚೆಂದು ಹೇಳಿದನು. ಇಬ್ಬರೂ ಸುಳ್ಳಾಡಲಿಲ್ಲ. ಇಬ್ಬರೂ ಹೇಳಿದ್ದು ತಮಗೆ ಪ್ರಾಣಿ ಎಂದು ಸಿಕ್ಕಿತೆಂಬುದನ್ನು. ಕೇಳಿದವರು ಅದನ್ನು ಪ್ರಾಣಿ ಎಂದು ಸಂಚರಿಸಿತೆಂದು ತಿಳಿದರು. ಬೇಟೆಗಾರನ ಕಣ್ಣಿಗೆ ಸಂಬಂಧಪಟ್ಟ ವಿಷಯವು ಹೀಗೆ ಜಿಂಕೆಯ ಕಾಲಿಗೆ ಅಂಟಿಕೊಂಡಿತು.

ಈ ದೇಶದಲ್ಲಿ ಬೇಟೆಯು ಈಗ ನಿಷಿದ್ಧವಾಗಿದೆ. ಹಿಂದಿನ ಮೈಸೂರು ಸಂಸ್ಥಾನದಲ್ಲಿ 1901ರಲ್ಲಿಯೇ ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ಸಂರಕ್ಷಣೆಗಾಗಿ ಒಂದು ರೆಗ್ಯುಲೇಷನ್ ಆಗಿದ್ದಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಜಿಂಕೆ, ಕಡವೆ, ಕೃಷ್ಣಮೃಗ ಮೊದಲಾದವುಗಳ ಬೇಟೆಯು ಈಗ ದೇಶಾದ್ಯಂತ ಅಪರಾಧವಾಗಿದೆ. ಆದುದರಿಂದ ಬೇಟೆ ಸಫಲವಾಗುವ ತಿಥಿ ಯಾವುದೆಂಬ ಪ್ರಶ್ನೆಯು ಇಲ್ಲಿನ ರೈತನಿಗೆ ಬೇಕಾಗಿಲ್ಲ. ಪ್ರಾಣಿಯು ಹೊಲಕ್ಕೆ ಬರುವ ಹೊತ್ತು ಯಾವುದೆಂಬ ಪ್ರಶ್ನೆಯೊಂದೇ ಅವನಿಗೆ ಉಳಿದಿರುವುದು.

ಬೇಟೆಯು ಇಂದಿಗೂ ನ್ಯಾಯಸಮ್ಮತವಾಗಿರುವ ಅಮೆರಿಕಾ ದೇಶದಲ್ಲಿ ಈ ವಿಷಯವು ಒಂದು ವ್ಯಾಪಾರವಾಗಿಯೇ ಬೆಳೆದಿದೆ. ಅಲ್ಲಿ ಜಾನ್ ಆಲ್ಡನ್ ನೈಟ್ ಎಂಬುವರು 1926ರಿಂದ ಮೊದಲುಗೊಂಡು ಸೂರ್ಯಚಂದ್ರರ ಗತಿಯನ್ನು ಅನುಸರಿಸಿ ಮೀನುಗಳೂ ಮೃಗಗಳೂ ಚುರುಕಾಗುವ ಹೊತ್ತುಗಳನ್ನು ಗಣಿಸುವ ಒಂದು ಸಿದ್ಧಾಂತವನ್ನು ಕಟ್ಟಿದರು. ಚಂದ್ರನು ನೆತ್ತಿಗೆ ಬಂದಾಗಲೂ ಪಾದದಡಿಗೆ ಹೋದಾಗಲೂ ಸಮುದ್ರದ ಉಬ್ಬರದಂತೆ ಪ್ರಾಣಿಗಳಲ್ಲಿಯೂ ಒಂದು ಏರಿಕೆ ಉಂಟಾಗುವುದೆಂಬುದು ಅದರ ತಿರುಳು. ಈ ಗಣಿತದ ಪಟ್ಟಿಗಳು ಪಂಚಾಂಗದಂತೆ ಅಚ್ಚಾಗಿ ಮಾರಾಟವಾದುವು. ಬಿಳಿಬಾಲದ ಜಿಂಕೆಯ ಬೇಟೆಗಾರರು ಅವನ್ನು ನೋಡಿಯೇ ಕಾಡಿಗೆ ಹೊರಡುವ ವಾಡಿಕೆ ಇಂದಿಗೂ ಉಂಟು. ತಿಥಿ ನಕ್ಷತ್ರ ನೋಡುವುದು ಇಲ್ಲಿನವರ ದೌರ್ಬಲ್ಯವೆಂದು ಹಳಿಯುವವರು ಇದನ್ನು ಗಮನಿಸಬಹುದು.

ಆದರೆ ಅದೇ ದೇಶದಲ್ಲಿ ಈ ಮಾತಿನ ಪರೀಕ್ಷೆಯೂ ನಡೆಯಿತು. ಜಿಂಕೆಗಳನ್ನು ಹಿಡಿದು, ಉಪಗ್ರಹಗಳ ಸಹಾಯದಿಂದ ಇರುವ ಸ್ಥಳವನ್ನು ಗೊತ್ತುಮಾಡುವ ಪಟ್ಟಿಯನ್ನು ಕೊರಳಿಗೆ ಕಟ್ಟಿ, ಮತ್ತೆ ಕಾಡಿಗೆ ಬಿಟ್ಟು, ಅವು ಹಗಲಿರುಳು ಎಲ್ಲಿ ಎಷ್ಟು ನಡೆದುವೆಂಬುದನ್ನು ವಿದ್ವಾಂಸರು ಬರೆದಿಟ್ಟರು. ಓಕ್ಲಹೋಮ ಪ್ರಾಂತದಲ್ಲಿ ಹೀಗೆ ನಡೆದು 2010ರಲ್ಲಿ ಪ್ರಕಟವಾದ ಶೋಧನೆಯಲ್ಲಿ ಜಿಂಕೆಗಳ ಸಂಚಾರವು ಸೂರ್ಯೋದಯ ಸೂರ್ಯಾಸ್ತಗಳ ಆಸುಪಾಸಿನಲ್ಲಿ ಅತಿಶಯವಾಗಿರುವುದೆಂದೂ ಚಂದ್ರನ ಪಕ್ಷದಿಂದ ಆಗುವ ವ್ಯತ್ಯಾಸವು ಗಣನೆಗೆ ಬಾರದಷ್ಟು ಅಲ್ಪವೆಂದೂ ಕಂಡುಬಂದಿತು. ಇಲ್ಲಿ ಮುಖ್ಯವಾದ ಅಂಶವೇನೆಂದರೆ, ಕೊರಳಪಟ್ಟಿಗೆ ಬೆಳಕು ಬೇಕಿಲ್ಲ, ನಿದ್ರೆಯಿಲ್ಲ, ನಂಬಿಕೆಯೂ ಇಲ್ಲ. ಜಿಂಕೆ ಕಂಡ ರಾತ್ರಿಯನ್ನೂ ಕಾಣದ ರಾತ್ರಿಯನ್ನೂ ಅದು ಒಂದೇ ಸಮನಾಗಿ ಲೆಕ್ಕ ಹಿಡಿಯುತ್ತದೆ.

ಭಾರತದ ಚುಕ್ಕೆಜಿಂಕೆಯ ನಡತೆಯೂ ಇದಕ್ಕೆ ವಿರುದ್ಧವಾಗಿಲ್ಲ. ಮಧ್ಯಪ್ರದೇಶದ ಕಾನ್ಹಾ ಅರಣ್ಯದಲ್ಲಿ ಬಹುಕಾಲ ನಿಂತು ಜಿಂಕೆಗಳನ್ನೂ ಹುಲಿಗಳನ್ನೂ ನೋಡಿ ಜಾರ್ಜ್ ಶಾಲರ್ ಎಂಬ ಪ್ರಾಣಿಶಾಸ್ತ್ರಜ್ಞರು 1967ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಚುಕ್ಕೆಜಿಂಕೆಯು ಮುಂಜಾನೆಯೂ ಸಂಜೆಯೂ ವಿಶೇಷವಾಗಿ ಮೇಯುವುದೆಂದು ತಿಳಿಸಿರುವರು. ಇದಕ್ಕೆ ಕಾರಣವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಜಿಂಕೆಯು ಮೆಲುಕು ಹಾಕುವ ಪ್ರಾಣಿ. ದನದಂತೆಯೇ ಒಂದಷ್ಟು ಹೊತ್ತು ಮೇದು ಒಂದಷ್ಟು ಹೊತ್ತು ಮಲಗಿ ಮೆಲುಕಾಡಲೇಬೇಕು. ಹಗಲಿನ ಬಿಸಿಲು ಅದಕ್ಕೆ ಹಿತವಲ್ಲ. ಅದರ ಕಣ್ಣಿನ ಹಿಂಬದಿಯಲ್ಲಿ ಹೊಳೆಯುವ ಪೊರೆಯೊಂದಿದ್ದು, ಒಳಗೆ ಬಂದ ಬೆಳಕನ್ನು ಎರಡನೆಯ ಸಲ ಉಪಯೋಗಕ್ಕೆ ತರುವುದರಿಂದ ಮಬ್ಬುಬೆಳಕಿನಲ್ಲಿ ಮನುಷ್ಯನಿಗಿಂತ ಚೆನ್ನಾಗಿ ಕಾಣಬಲ್ಲುದು. ಹಸಿವೂ ತಂಪೂ ಮಬ್ಬೂ ಕೂಡುವ ಹೊತ್ತು ದಿನಕ್ಕೆ ಎರಡು ಸಲ ಬರುವುದು, ತಿಂಗಳಿಗೆ ಎರಡು ಸಲವಲ್ಲ. ಸಮುದ್ರದ ನೀರನ್ನು ಏರಿಸುವ ಚಂದ್ರನ ಸೆಳೆತವು ಜಿಂಕೆಯ ಮೈಯಂಥ ಚಿಕ್ಕ ವಸ್ತುವಿನಲ್ಲಿ ಏನನ್ನಾದರೂ ಮಾಡುವುದೆಂಬುದು ನಂಬತಕ್ಕ ಮಾತಲ್ಲ.

ಹಾಗಾದರೆ ಚಂದ್ರನಿಂದ ಏನೂ ಆಗದೆಂದು ತೀರ್ಮಾನಿಸಬಹುದೇ? ಅದೂ ಅತಿಯಾದೀತು. ರಾತ್ರಿಸಂಚಾರಿಗಳಾದ 59 ಜಾತಿಯ ಸಸ್ತನಿಗಳ ವಿಷಯದಲ್ಲಿ ನಡೆದ ಶೋಧನೆಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದ ಪರಾಮರ್ಶೆಯಲ್ಲಿ, ಕಣ್ಣನ್ನೇ ಮುಖ್ಯವಾಗಿ ನಂಬಿದ ಪ್ರಾಣಿಗಳು ಬೆಳದಿಂಗಳಲ್ಲಿ ಹೆಚ್ಚಾಗಿ ಸಂಚರಿಸುವುವೆಂದೂ ಇತರ ಅನೇಕ ಪ್ರಾಣಿಗಳು ಆಗ ಅಡಗುವುವೆಂದೂ ಕಂಡುಬಂದಿದೆ. ಎಲ್ಲಕ್ಕೂ ಒಂದೇ ನಿಯಮವಿಲ್ಲ. ಆಫ್ರಿಕಾದಲ್ಲಿ ಬೆಳೆಗೆ ನುಗ್ಗುವ ಆನೆಗಳು ಹುಣ್ಣಿಮೆಯ ರಾತ್ರಿಗಳನ್ನು ತಪ್ಪಿಸುವುವೆಂದು ಅದೇ ವರ್ಷದ ಮತ್ತೊಂದು ಶೋಧನೆಯು ತೋರಿಸಿತು; ಬೆಳಕಿನಲ್ಲಿ ಕಾವಲುಗಾರನಿಗೆ ಕಾಣಿಸಿಕೊಳ್ಳುವ ಭಯವನ್ನು ಆನೆಯು ಅರಿತಿರುವುದೆಂದು ಇದರಿಂದ ಊಹಿಸಬಹುದು.

ಇವೆಲ್ಲಕ್ಕಿಂತ ಹೆಚ್ಚಾಗಿ ಗ್ರಾಮದ ಮುಖಂಡರು ಮನಸ್ಸಿನಲ್ಲಿಡಬೇಕಾದುದು ಟಾಂಜಾನಿಯಾ ದೇಶದ ಸಿಂಹಗಳ ಸಂಗತಿ. ಅಲ್ಲಿ 1988ರಿಂದ 2009ರ ವರೆಗೆ ಸಿಂಹಗಳು ಗ್ರಾಮಸ್ಥರ ಮೇಲೆ ಬಿದ್ದ ನೂರಾರು ಪ್ರಸಂಗಗಳನ್ನು ತಿಥಿವಾರು ಜೋಡಿಸಿ ನೋಡಿದಾಗ, ಅಪಾಯವು ಅಮಾವಾಸ್ಯೆಯ ರಾತ್ರಿಯಲ್ಲಿಯೇ ಶಿಖರಕ್ಕೆ ಏರಿರಲಿಲ್ಲ. ಹುಣ್ಣಿಮೆ ಕಳೆದ ಮುಂದಿನ ಸುಮಾರು ಹತ್ತು ದಿನಗಳಲ್ಲಿ ಅದು ಅತ್ಯಧಿಕವಾಗಿದ್ದಿತು. ಕಾರಣ ಸರಳವಾದುದು. ಹುಣ್ಣಿಮೆಯ ಬೆಳಕಿನಲ್ಲಿ ಬೇಟೆ ಸಿಕ್ಕದೆ ಸಿಂಹಗಳು ಹಸಿದಿರುತ್ತವೆ; ಅದು ಕಳೆದ ಮೇಲೆ ಚಂದ್ರೋದಯವು ತಡವಾಗಿ, ಜನರು ಇನ್ನೂ ಹೊರಗೆ ಓಡಾಡುವ ಮುಂಗತ್ತಲೆಯ ಹೊತ್ತು ಪೂರ್ಣ ಕತ್ತಲೆಯಾಗುತ್ತದೆ. ಕರ್ನಾಟಕದ ಹೊಲಗಳಲ್ಲಿ ಸಿಂಹವಿಲ್ಲ. ಆದರೆ ಆನೆ, ಚಿರತೆ, ಕರಡಿ, ಕಾಡುಹಂದಿಗಳಿವೆ, ಕೆಲವು ಕಡೆ ಹುಲಿಯೂ ಇದೆ. ಜಿಂಕೆಯನ್ನು ಓಡಿಸಲು ಹೋದ ಕಾವಲುಗಾರನು ಕತ್ತಲೆಯಲ್ಲಿ ಮೊದಲು ಎದುರಾಗುವುದು ಜಿಂಕೆಗೇ ಎಂದು ಹೇಳಲಾಗದು.

ಆದುದರಿಂದ ಚಂದ್ರನನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತಿಥಿಯ ಹೆಸರಿಗಾಗಿ ಅಲ್ಲ, ಬೆಳಕಿನ ಗಳಿಗೆಗಳಿಗಾಗಿ. ಹುಣ್ಣಿಮೆಯ ದಿನ ಸೂರ್ಯನು ಮುಳುಗುವ ಹೊತ್ತಿಗೆ ಚಂದ್ರನು ಮೂಡುವನು. ಅಲ್ಲಿಂದ ಮುಂದೆ ಚಂದ್ರೋದಯವು ದಿನಕ್ಕೆ ಸರಾಸರಿ 50 ನಿಮಿಷ, ಎಂದರೆ ಸ್ವಲ್ಪ ಹೆಚ್ಚುಕಡಿಮೆ 2 ಗಳಿಗೆಯಷ್ಟು, ಹಿಂದೆ ಬೀಳುತ್ತ ಹೋಗುವುದು. ಕೃಷ್ಣಪಕ್ಷದ ಪಂಚಮಿಯಲ್ಲಿ ಸೂರ್ಯಾಸ್ತವಾಗಿ ನಾಲ್ಕು ಗಂಟೆಗಳ ತರುವಾಯ, ಅಷ್ಟಮಿಯಲ್ಲಿ ನಡುರಾತ್ರಿಗೆ ಚಂದ್ರನು ಕಾಣಿಸುವನು. ಶುಕ್ಲಪಕ್ಷದಲ್ಲಿ ಇದು ತಿರುಗುಮುರುಗು: ಸಂಜೆಗೆ ಚಂದ್ರನಿರುವನು, ಅಷ್ಟಮಿಯಲ್ಲಿ ನಡುರಾತ್ರಿಗೆ ಮುಳುಗುವನು, ಬೆಳಗಿನ ಜಾವವು ಕತ್ತಲೆ. ಹೀಗಿರಲು ಕೃಷ್ಣಪಕ್ಷದಲ್ಲಿ ಮುಂಗತ್ತಲೆಯ ಕಾವಲಿಗೆ ದೀಪವೂ ಜೊತೆಯಾಳೂ ಬೇಕು. ಶುಕ್ಲಪಕ್ಷದಲ್ಲಿ ಅದೇ ಏರ್ಪಾಡು ಬೆಳಗಿನ ಜಾವಕ್ಕೆ ಬೇಕು. ರಾತ್ರಿಯಿಡೀ ಒಬ್ಬನನ್ನೇ ಮಂಚಿಕೆಯ ಮೇಲೆ ಕೂರಿಸಿ, ಅವನು ನಡುರಾತ್ರಿಯ ವರೆಗೆ ಎಚ್ಚರವಿದ್ದು ಜಿಂಕೆಗಳು ಬರುವ ಬೆಳಗಿನ ಜಾವದಲ್ಲಿ ನಿದ್ರೆಹೋಗುವಂತೆ ಮಾಡುವುದು ಈಗಿನ ವಾಡಿಕೆ. ನಾಲ್ಕಾರು ಹಿಡುವಳಿದಾರರು ಕೂಡಿ ಇಬ್ಬಿಬ್ಬರ ಪಾಳಿಯನ್ನು ಹಂಚಿಕೊಂಡರೆ ಆಗುವ ಖರ್ಚು ಅದಕ್ಕಿಂತ ಬಹಳ ಹೆಚ್ಚಾಗಲಾರದು.

ಬೆಳದಿಂಗಳ ಪ್ರಮಾಣದ ವಿಷಯದಲ್ಲಿಯೂ ಒಂದು ತಪ್ಪು ತಿಳಿವಳಿಕೆಯುಂಟು. ಅರ್ಧಚಂದ್ರನು ಹುಣ್ಣಿಮೆಯ ಅರ್ಧದಷ್ಟು ಬೆಳಕನ್ನು ಕೊಡುವನೆಂದು ಎಣಿಸುವುದು ಸರಿಯಲ್ಲ; ಅವನು ಕೊಡುವುದು ಹತ್ತರಲ್ಲೊಂದು ಪಾಲಿನಷ್ಟೇ. ಹುಣ್ಣಿಮೆಯ ಬೆಳಕಾದರೂ ಸೂರ್ಯನ ಬೆಳಕಿನ ಸುಮಾರು 4 ಲಕ್ಷದಲ್ಲಿ ಒಂದು ಭಾಗ ಮಾತ್ರ. ಅದರ ಮೇಲೆ ಮೋಡ ಕವಿದರೆ ಹೇಳತಕ್ಕದ್ದೇನು? ಕಾರಹುಣ್ಣಿಮೆಯಿಂದ ಭಾದ್ರಪದದ ವರೆಗೆ ಮುಂಗಾರಿನ ಪೈರು ಎಳೆಯದಾಗಿ ಪ್ರಾಣಿಗಳಿಗೆ ರುಚಿಯಾಗಿರುವ ತಿಂಗಳುಗಳಲ್ಲಿಯೇ ಆಕಾಶವು ಮುಚ್ಚಿರುತ್ತದೆ. ಆಗ ಪಂಚಾಂಗದ ಹುಣ್ಣಿಮೆಗೂ ಹೊಲದ ಕತ್ತಲೆಗೂ ಸಂಬಂಧವೇ ಇರುವುದಿಲ್ಲ. ಎಳ್ಳಮಾವಾಸ್ಯೆಯ ಆಚೀಚೆ ಹಿಂಗಾರಿ ಜೋಳವು ನಿಂತಿರುವ ಕಾಲದಲ್ಲಿ ಆಕಾಶ ನಿರ್ಮಲವಾಗಿರುವುದರಿಂದ ಮೇಲೆ ಹೇಳಿದ ಲೆಕ್ಕವು ಕೆಲಸಕ್ಕೆ ಬರುವುದು.

ಪ್ರಾಣಿಯ ಜಾತಿಯನ್ನು ನೋಡದೆ ಕಾವಲಿನ ಹೊತ್ತನ್ನು ಗೊತ್ತುಮಾಡುವುದು ಮತ್ತೊಂದು ದೋಷ. ಹಾವೇರಿ, ಗದಗ, ಕೊಪ್ಪಳದ ಕಡೆಯ ಬಯಲುಸೀಮೆಯಲ್ಲಿ ರೈತರು ಜಿಂಕೆಯೆಂದೂ ಚಿಗರಿಯೆಂದೂ ಕರೆಯುವುದು ಕೃಷ್ಣಮೃಗವನ್ನು. ಶಾಸ್ತ್ರರೀತ್ಯಾ ಅದು ಜಿಂಕೆಯ ವರ್ಗಕ್ಕೆ ಸೇರಿದುದಲ್ಲ. ಜಿಂಕೆಯ ಕವಲುಗೊಂಬು ಉದುರಿ ಮತ್ತೆ ಮೂಡುವುದು, ಕೃಷ್ಣಮೃಗದ ಸುರುಳಿಗೊಂಬು ಉದುರುವುದೇ ಇಲ್ಲ. ಅದು ಬಯಲಿನ ಪ್ರಾಣಿ, ಹೆಚ್ಚಾಗಿ ಹಗಲಿನಲ್ಲಿ ಮೇಯುವ ಪ್ರಾಣಿ. 1974ರಲ್ಲಿ ಸ್ಥಾಪಿತವಾದ, ಸುಮಾರು 119 ಚದರ ಕಿಲೋಮೀಟರು ವಿಸ್ತೀರ್ಣದ ರಾಣೆಬೆನ್ನೂರಿನ ಅಭಯಾರಣ್ಯದ ಸುತ್ತಲಿನ ಮೆಕ್ಕೆಜೋಳದ ಹೊಲಗಳಲ್ಲಿ ಮೊಳಕೆಯನ್ನು ಕಿತ್ತು ತಿನ್ನುವ ಹಿಂಡಿಗೆ ಅಮಾವಾಸ್ಯೆಯ ಕಾವಲಿನಿಂದ ಯಾವ ಅಡ್ಡಿಯೂ ಆಗದು. ರಾತ್ರಿ ಎಚ್ಚರವಿದ್ದವನು ಬೆಳಗ್ಗೆ ಮನೆಗೆ ಹೋಗಿ ಮಲಗಿದ ಮೇಲೆ ಅದು ಬರುವುದು. ಬಂಡೀಪುರ, ನಾಗರಹೊಳೆಗಳ ಅಂಚಿನಲ್ಲಿ ಚುಕ್ಕೆಜಿಂಕೆಯ ಹೊತ್ತು ಸಂಜೆ ಮತ್ತು ಬೆಳಗಿನ ಜಾವ. ಮಲೆನಾಡಿನ ಕಡವೆಯೊಂದೇ ನಿಜವಾಗಿ ರಾತ್ರಿಯ ಪ್ರಾಣಿ.

ಇದರ ಜೊತೆಗೆ ಪ್ರಾಣಿಯೂ ಕಲಿಯುತ್ತದೆ. ಆರು ಖಂಡಗಳ 62 ಜಾತಿಯ ಪ್ರಾಣಿಗಳನ್ನು ಕುರಿತ ಶೋಧನೆಗಳನ್ನು ಒಟ್ಟುಹಾಕಿ 2018ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಮನುಷ್ಯನ ಉಪದ್ರವವಿರುವ ಕಡೆ ಪ್ರಾಣಿಗಳ ರಾತ್ರಿಸಂಚಾರವು ಸರಾಸರಿ 1.36 ಪಾಲಿಗೆ ಏರುವುದೆಂದು ತಿಳಿದುಬಂದಿದೆ. ಸಂಜೆ ಎಂಟು ಗಂಟೆಗೆ ತಮಟೆ ಬಾರಿಸಿ ಮನೆಗೆ ಹೋಗುವ ಕಾವಲಿದ್ದರೆ ಹಿಂಡು ಒಂಬತ್ತಕ್ಕೆ ಬರುವುದನ್ನು ಕಲಿಯುವುದು. ಅಮಾವಾಸ್ಯೆಗೆ ಮಾತ್ರ ಕಾವಲಿದ್ದು ಉಳಿದ ರಾತ್ರಿ ಹೊಲ ಬರಿದಾಗಿದ್ದರೆ, ಆ ಉಳಿದ ರಾತ್ರಿಗಳೇ ಅದಕ್ಕೆ ಹಬ್ಬ. ಹೀಗೆ ಬೆಳದಿಂಗಳಲ್ಲಿ ಜಿಂಕೆ ಹೆಚ್ಚೆಂಬ ನಂಬಿಕೆಯನ್ನು ಕೆಲವು ಗ್ರಾಮಗಳಲ್ಲಿ ಚಂದ್ರನಿಗಿಂತ ಕಾವಲಿನ ಏರ್ಪಾಡೇ ಹುಟ್ಟಿಸಿದ್ದರೂ ಹುಟ್ಟಿಸಿರಬಹುದು!

ಇಷ್ಟು ಹೇಳಿದರೂ ತಮ್ಮ ಅನುಭವವೇ ಬೇರೆ ಎನ್ನುವ ಹಿರಿಯರಿರುವರು. ಅವರ ಮಾತನ್ನು ತಳ್ಳಿಹಾಕಬೇಕಾಗಿಲ್ಲ, ಅಳೆದು ನೋಡಬೇಕು. ಚಾಂದ್ರಮಾಸಕ್ಕೆ ಇಪ್ಪತ್ತೊಂಬತ್ತೂವರೆ ದಿನ. ಅಮಾವಾಸ್ಯೆಯೊಂದು, ಅದರ ಹಿಂದೆ ಮೂರು ಮುಂದೆ ಮೂರು, ಹೀಗೆ ಏಳು ರಾತ್ರಿಗಳನ್ನು ಕತ್ತಲೆಯ ರಾತ್ರಿಗಳೆಂದು ಹಿಡಿದರೆ ಅವು ತಿಂಗಳ ಸುಮಾರು ನಾಲ್ಕರಲ್ಲೊಂದು ಪಾಲಾಗುವುವು. ಹಂಗಾಮಿನಲ್ಲಿ 20 ಸಲ ಹಾವಳಿಯಾದರೆ, ಜಿಂಕೆಗಳು ಚಂದ್ರನ ಕಡೆ ಕಣ್ಣೆತ್ತಿ ನೋಡದಿದ್ದರೂ, ಅವುಗಳಲ್ಲಿ ಐದು ಈ ಏಳು ರಾತ್ರಿಗಳಲ್ಲಿಯೇ ಬೀಳುವುವು. ಆ ಐದು ನೆನಪಿನಲ್ಲಿ ನಿಲ್ಲುವುವು, ಉಳಿದ ಹದಿನೈದು ಮರೆತುಹೋಗುವುವು. ಅಮಾವಾಸ್ಯೆಯಲ್ಲಿ ಹತ್ತು ಹನ್ನೆರಡು ಬಿದ್ದರೆ ಮಾತ್ರ ಆ ಗ್ರಾಮದ ಮಟ್ಟಿಗೆ ಹಿರಿಯರ ಮಾತಿಗೆ ತೂಕವುಂಟು.

ಇದನ್ನು ತಿಳಿಯಲು ಒಂದು ಸಾಮಾನ್ಯ ಪುಸ್ತಕ ಸಾಕು. ತಾರೀಖು, ತಿಥಿ, ಮೋಡವಿತ್ತೇ ಇಲ್ಲವೇ, ಕಾವಲಿತ್ತೇ ಇಲ್ಲವೇ, ಯಾವ ಪೈರು ಎಷ್ಟು ಬೆಳೆದಿತ್ತು, ಯಾವ ಪ್ರಾಣಿಯ ಹೆಜ್ಜೆ, ಯಾವ ಕಡೆಯಿಂದ ಬಂದಿತು, ಎಷ್ಟು ಹೊತ್ತಿಗೆ, ಎಷ್ಟು ಗುಂಟೆ ನಷ್ಟ ಎಂಬಷ್ಟನ್ನು ಬರೆಯಬೇಕು. ಏನೂ ಆಗದ ರಾತ್ರಿಯನ್ನೂ ಬಿಡದೆ ಬರೆಯಬೇಕು. ಇದನ್ನು ಒಬ್ಬೊಬ್ಬ ರೈತನು ಮಾಡುವುದಕ್ಕಿಂತ ಗ್ರಾಮದ ಯಜಮಾನರು ಒಬ್ಬ ಓದುಬರಹ ಬಲ್ಲ ಹುಡುಗನಿಗೆ ವಹಿಸಿ ಇಡೀ ಗ್ರಾಮಕ್ಕೆ ಒಂದೇ ಪುಸ್ತಕವಿಡುವುದು ಲೇಸು. ಎರಡು ಹಂಗಾಮು ಕಳೆಯುವಷ್ಟರಲ್ಲಿ ಹಾವಳಿಯು ತಿಥಿಯನ್ನು ಅನುಸರಿಸಿದೆಯೋ, ಪೈರಿನ ಪ್ರಾಯವನ್ನು ಅನುಸರಿಸಿದೆಯೋ, ಕಾವಲಿನ ಅಂತರವನ್ನು ಅನುಸರಿಸಿದೆಯೋ ಎಂಬುದು ತಾನಾಗಿಯೇ ಕಾಣುವುದು.

ಕತ್ತಲೆಯ ರಾತ್ರಿಗೆ ಕಾವಲಿನ ಬದಲು ಉರುಳು, ವಿಷ, ಸಿಡಿಮದ್ದು, ವಿದ್ಯುತ್ತಂತಿಗಳನ್ನು ನಂಬುವವರ ವಿಷಯದಲ್ಲಿ ಎರಡು ಮಾತು ಹೇಳದೆ ವಿಧಿಯಿಲ್ಲ. ಕಾಯಿದೆಯಲ್ಲಿ ಬೇಟೆಯೆಂಬ ಪದಕ್ಕೆ ಕೊಲ್ಲುವುದು ಮಾತ್ರವಲ್ಲದೆ ಉರುಳೊಡ್ಡುವುದು, ವಿಷವಿಡುವುದು, ಗಾಯಪಡಿಸುವುದು, ಇವುಗಳಿಗೆ ಯತ್ನಿಸುವುದು ಎಲ್ಲವೂ ಸೇರಿವೆ. ಮನೆಯ ವಿದ್ಯುತ್ತನ್ನು ಬೇಲಿಗೆ ಹರಿಸಿದ ತಂತಿಯು ಜಿಂಕೆಯನ್ನೂ ನೀರು ಕಟ್ಟಲು ಬಂದ ನೆರೆಹೊಲದವನನ್ನೂ ಬೇರೆಮಾಡಿ ನೋಡದು. ಅಮಾವಾಸ್ಯೆಯಲ್ಲಿ ಅದು ಯಾರ ಕಣ್ಣಿಗೂ ಕಾಣದು. ಬಿಟ್ಟುಬಿಟ್ಟು ಬಡಿಯುವ ಸೌರವಿದ್ಯುತ್ತಿನ ಬೇಲಿಯು ಬೇರೆಯದು. ಅದು ನೋಯಿಸಿ ಓಡಿಸುವುದು, ಕೊಲ್ಲದು. ನಿಂತ ಪೈರಿಗೆ ಅಪಾಯ ಮಿತಿಮೀರಿದರೆ ಕಾಯಿದೆಯ 11ನೆಯ ವಿಧಿಯ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಆಜ್ಞೆಯಿಂದ ಕ್ರಮ ಕೈಕೊಳ್ಳಲು ಅವಕಾಶವುಂಟು. ಮೊದಲನೆಯ ಅನುಸೂಚಿಯಲ್ಲಿರುವ ಕೃಷ್ಣಮೃಗದಂಥ ಪ್ರಾಣಿಗಳಿಗೆ ಪೈರಿನ ನಷ್ಟವೊಂದೇ ಕಾರಣವಾಗಿ ಇದು ಅನ್ವಯಿಸದು.

ಮೇಲೆ ಹೇಳಿದ ಪುಸ್ತಕವು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡುವಾಗಲೂ ಉಪಯೋಗಕ್ಕೆ ಬರುವುದು. ಹಾವಳಿಯಾದ ಬೆಳಗ್ಗೆಯೇ, ಹೆಜ್ಜೆಗಳು ಅಳಿಯುವುದಕ್ಕೆ ಮೊದಲು, ನಷ್ಟವಾದ ಸ್ಥಳದ ಭಾವಚಿತ್ರವನ್ನು ತೆಗೆದು, ತಾರೀಖನ್ನೂ ಸರ್ವೆ ನಂಬರನ್ನೂ ಪುಸ್ತಕದಲ್ಲಿ ಬರೆದು, ನೆರೆಯ ಇಬ್ಬರು ಹಿಡುವಳಿದಾರರ ರುಜು ಹಾಕಿಸಿ, ವಲಯ ಅರಣ್ಯಾಧಿಕಾರಿಗಳ ಕಛೇರಿಗೆ ತಿಳಿಸತಕ್ಕದ್ದು. ಅರ್ಜಿಗೆ ಪಹಣಿಯ ಪ್ರತಿಯನ್ನು ಲಗತ್ತಿಸಲು ಮರೆಯಬಾರದು.